ಪೋರ್ಟ್ ವೈನ್‌ಗೆ ಸಿಹಿ ಎಲ್ಲಿಂದ ಬರುತ್ತದೆ, ಆಲ್ಕೋಹಾಲ್ ಎಷ್ಟಿರುತ್ತದೆ: ಹಂತ ಹಂತವಾಗಿ ತಿಳಿಯೋಣ

ಪೋರ್ಟ್ ವೈನ್ ವಿಷಯ ಬಂದಾಗಲೆಲ್ಲ ಓದುಗರು ಎರಡು ಪ್ರಶ್ನೆ ಕೇಳುತ್ತಾರೆ. "ಇಷ್ಟೊಂದು ಸಿಹಿ ಇದೆಯಲ್ಲ, ಸಕ್ಕರೆ ಹಾಕ್ತಾರಾ?" ಅನ್ನುವುದು ಒಂದು. "ಸಿಹಿ ವೈನ್ ಅಂದ್ಮೇಲೆ ಲೈಟ್ ಆಗಿರುತ್ತೆ ಅಲ್ವಾ?" ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ 'ಇಲ್ಲ' ಎಂದೇ. ಪೋರ್ಚುಗಲ್‌ನ ಡೌರೊ ಕಣಿವೆಯ ಅಸಲಿ ಪೋರ್ಟ್‌ಗೆ ಒಂದು ಚಮಚ ಸಕ್ಕರೆಯನ್ನೂ ಹಾಕುವುದಿಲ್ಲ. ಆಲ್ಕೋಹಾಲ್ ಮಾತ್ರ ಶೇಕಡಾ 19ರಿಂದ 22ರವರೆಗೆ ಇರುತ್ತದೆ. ಮಾಮೂಲಿ ವೈನ್‌ನಲ್ಲಿ ಅದು 12ರಿಂದ 14ರ ಆಸುಪಾಸು.

ಸಿಹಿಯೂ ಅಮಲೂ ಒಟ್ಟಿಗೆ ಜಾಸ್ತಿ ಇರುವುದು ಹೇಗೆ? ವೈನ್ ಮಾಡುವಾಗಿನ ಒಂದೇ ಒಂದು ಕೆಲಸದಿಂದ. ಅದು ನಾಲ್ಕನೇ ಹಂತದಲ್ಲಿ ಬರುತ್ತದೆ. ಅಲ್ಲಿಯವರೆಗೆ ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಮೂರು ಪದ

ಹುದುಗು: ಇಡ್ಲಿ ಹಿಟ್ಟು ರಾತ್ರಿಯೆಲ್ಲ ಉಬ್ಬುವುದನ್ನು ನೋಡಿದ್ದೀರಿ. ದ್ರಾಕ್ಷಿ ರಸದಲ್ಲಿ ಈ ಕೆಲಸ ಮಾಡುವುದು ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ. ಅದು ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಗಾಳಿಗುಳ್ಳೆ ಬಿಡುತ್ತದೆ. ಈಚಲು ಮರದ ನೀರಾ ನೆನಪಿಸಿಕೊಳ್ಳಿ. ಬೆಳಿಗ್ಗೆ ಇಳಿಸಿದಾಗ ಸಿಹಿ. ಹೊತ್ತೇರಿದಂತೆ ಸಿಹಿ ಇಳಿಯುತ್ತದೆ, ಅಮಲು ಏರುತ್ತದೆ, ಅದೇ ಹೆಂಡವಾಗುತ್ತದೆ. ಸಕ್ಕರೆ ಕಡಿಮೆಯಾದಂತೆ ಆಲ್ಕೋಹಾಲ್ ಹೆಚ್ಚುತ್ತದೆ.

ಎ.ಬಿ.ವಿ.: ನೂರು ಮಿಲಿ ಪಾನೀಯದಲ್ಲಿ ಎಷ್ಟು ಮಿಲಿ ಶುದ್ಧ ಆಲ್ಕೋಹಾಲ್ ಇದೆ ಎಂಬ ಅಂಕಿ. ನಮ್ಮ ಬಾಟಲಿಗಳ ಮೇಲೆ ಇದನ್ನೇ ಶೇಕಡಾ 'ವಿ/ವಿ' ಎಂದು ಬರೆದಿರುತ್ತಾರೆ.

ಫೋರ್ಟಿಫೈಡ್: ಈ ಪದ ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ರೇಷನ್ ಅಂಗಡಿಯ ಫೋರ್ಟಿಫೈಡ್ ಅಕ್ಕಿಯಲ್ಲಿ ಕಬ್ಬಿಣಾಂಶ, ವಿಟಮಿನ್ ಸೇರಿಸಿರುತ್ತಾರೆ. ಅದನ್ನು ಸಾರವರ್ಧಿತ ಅಕ್ಕಿ ಅನ್ನುತ್ತೇವೆ. ವೈನ್‌ನಲ್ಲಿ ಫೋರ್ಟಿಫೈಡ್ ಅಂದರೆ ಸೇರಿಸಿರುವುದು ಭಟ್ಟಿ ಇಳಿಸಿದ ಖಡಕ್ ಸ್ಪಿರಿಟ್. ಪೌಷ್ಟಿಕಾಂಶಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಕೆಂಪು ವೈನ್ ಕುಡಿದರೆ ರಕ್ತ ಹೆಚ್ಚುತ್ತದೆ ಎಂದು ಬಾಣಂತಿಯರಿಗೆ ಪೋರ್ಟ್ ಕೊಡುವ ಮನೆಗಳು ಇನ್ನೂ ಇವೆ. ದಯವಿಟ್ಟು ಹಾಗೆ ಮಾಡಬೇಡಿ. ಬಣ್ಣ ಕೆಂಪಿದ್ದ ಮಾತ್ರಕ್ಕೆ ಅದು ರಕ್ತವಾಗುವುದಿಲ್ಲ. ತಾಯಿ ಕುಡಿದ ಆಲ್ಕೋಹಾಲ್ ಎದೆಹಾಲಿಗೂ ಇಳಿಯುತ್ತದೆ. ಬಸುರಿಯರಿಗಂತೂ ಇದು ಬೇಡವೇ ಬೇಡ. ರಕ್ತ ಕಡಿಮೆ ಇದ್ದರೆ ಡಾಕ್ಟರ್ ಬರೆದುಕೊಡುವ ಕಬ್ಬಿಣದ ಮಾತ್ರೆಯೇ ದಾರಿ.

ಹಂತ 1: ದ್ರಾಕ್ಷಿ

ಪೋರ್ಟೊ ನಗರದಿಂದ ನದಿಯಗುಂಟ ಮೇಲಕ್ಕೆ ಹೋದರೆ ಡೌರೊ ಕಣಿವೆ ಸಿಗುತ್ತದೆ. ಕಡಿದಾದ ಗುಡ್ಡ, ಪದರ ಪದರವಾಗಿ ಬಿರಿಯುವ ಶಿಸ್ಟ್ ಕಲ್ಲಿನ ನೆಲ, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ತೋಟ. ಬೇಸಿಗೆಯ ಬಿಸಿಲು ಬಲು ಜೋರು. ಬಳ್ಳಿಯ ಬೇರು ನೀರು ಹುಡುಕಿಕೊಂಡು ಕಲ್ಲಿನ ಬಿರುಕಿನೊಳಗೆ ಇಳಿಯುತ್ತದೆ. ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ಸಕ್ಕರೆ ಜಾಸ್ತಿ. ತೌರಿಗಾ ನಸಿಯೊನಾಲ್, ತೌರಿಗಾ ಫ್ರಾಂಕಾ, ತಿಂತಾ ರೊರಿಜ್, ತಿಂತಾ ಬರ್ರೋಕಾ ಇಲ್ಲಿನ ಮುಖ್ಯ ತಳಿಗಳು. ಒಂದೇ ತಳಿಯಲ್ಲಿ ಮಾಡುವುದು ಅಪರೂಪ, ಹಲವನ್ನು ಬೆರೆಸುವುದೇ ರೂಢಿ.

ಈ ಸೀಮೆಗೆ ಗಡಿ ಗುರುತಿಸಿದ್ದು 1756ರಲ್ಲಿ, ಪೊಂಬಾಲ್‌ನ ಮಾರ್ಕ್ವಿಸ್ ಮಂತ್ರಿಯಾಗಿದ್ದ ಕಾಲದಲ್ಲಿ. ಕಾರಣ ಕಲಬೆರಕೆ. ಬಣ್ಣ ಗಾಢವಾಗಲಿ ಎಂದು ಎಲ್ಡರ್‌ಬೆರಿ ಹಣ್ಣಿನ ರಸ ಬೆರೆಸುತ್ತಿದ್ದರು. ಆತ ಆ ಗಿಡಗಳನ್ನೇ ಕೀಳಿಸಿದ. ಯಾವ ಊರಿನ ದ್ರಾಕ್ಷಿ, ಯಾರು ಮಾಡಿದ್ದು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಪೋರ್ಟ್‌ನ ಜೊತೆಗೇ ಬಂದಿದೆ.

ಕೊಯ್ಲು ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ. ಆಗ ಒಂದು ಲೀಟರ್ ರಸದಲ್ಲಿ 230 ಗ್ರಾಂನಷ್ಟು ಸಕ್ಕರೆ ಇದೆ ಎಂದುಕೊಳ್ಳಿ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕು.

ಹಂತ 2: ತುಳಿಯುವುದು

ಸಾಮಾನ್ಯ ಕೆಂಪು ವೈನ್‌ನಲ್ಲಿ ಸಿಪ್ಪೆ ರಸದೊಳಗೆ ವಾರಗಟ್ಟಲೆ ನೆನೆಯುತ್ತದೆ. ಬಣ್ಣ, ಒಗರು ನಿಧಾನವಾಗಿ ಬಿಡುತ್ತದೆ. ಪೋರ್ಟ್ ಮಾಡುವವರ ಕೈಯಲ್ಲಿ ಇರುವುದು ಎರಡು ಮೂರು ದಿನ ಮಾತ್ರ. ಅಷ್ಟರೊಳಗೆ ಸಿಪ್ಪೆಯ ಸಾರವೆಲ್ಲ ರಸಕ್ಕೆ ಬರಬೇಕು. ಅದಕ್ಕೇ ತುಳಿಯುತ್ತಾರೆ.

ಲಗಾರ್ ಎಂದರೆ ಗ್ರಾನೈಟ್ ಕಲ್ಲಿನ ಅಗಲವಾದ ತೊಟ್ಟಿ, ಹೆಚ್ಚು ಆಳ ಇರುವುದಿಲ್ಲ. ದ್ರಾಕ್ಷಿ ತುಂಬಿದ ತೊಟ್ಟಿಗೆ ಜನ ಇಳಿದು, ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು, ಸಾಲಾಗಿ ಹೆಜ್ಜೆ ಹಾಕುತ್ತಾರೆ. ಮೊದಲ ಒಂದೆರಡು ಗಂಟೆ ಕಟ್ಟುನಿಟ್ಟಿನ ಹೆಜ್ಜೆ. ಆಮೇಲೆ ಸಂಗೀತ ಶುರುವಾಗುತ್ತದೆ, ತೊಟ್ಟಿಯೊಳಗೇ ಕುಣಿತ. ನೋಡಲು ಹಬ್ಬದ ಹಾಗಿದ್ದರೂ ಕೆಲಸ ಮೈಮುರಿಯುವಂಥದ್ದು. ಮನುಷ್ಯರ ಪಾದ ಮೆತ್ತಗಿರುತ್ತದೆ. ಸಿಪ್ಪೆ ಹರಿಯುತ್ತದೆ, ಬೀಜ ಒಡೆಯುವುದಿಲ್ಲ. ಬೀಜ ಒಡೆದರೆ ವೈನ್ ಕಹಿಯಾಗುತ್ತದೆ. ಈಗ ಬಹಳ ಕಡೆ ಯಂತ್ರಗಳೇ ತುಳಿಯುತ್ತವೆ. ಆ ಯಂತ್ರಗಳನ್ನೂ ಪಾದದ ಒತ್ತಡಕ್ಕೆ ಹೊಂದುವಂತೆಯೇ ಮಾಡಿದ್ದಾರೆ.

ಹಂತ 3: ಹುದುಗು, ಕಾವಲು

ಯೀಸ್ಟ್ ಕೆಲಸ ಶುರು ಮಾಡುತ್ತದೆ. ತೊಟ್ಟಿ ಬಿಸಿಯಾಗುತ್ತದೆ, ನೊರೆ ಏಳುತ್ತದೆ. ಹಾಗೇ ಬಿಟ್ಟರೆ ಸಕ್ಕರೆಯೆಲ್ಲ ಮುಗಿಯುವವರೆಗೂ ಯೀಸ್ಟ್ ತಿನ್ನುತ್ತದೆ. ಸುಮಾರು 17 ಗ್ರಾಂ ಸಕ್ಕರೆಗೆ ಒಂದು ಲೀಟರ್‌ನಲ್ಲಿ ಶೇಕಡಾ 1ರಷ್ಟು ಆಲ್ಕೋಹಾಲ್ ಹುಟ್ಟುತ್ತದೆ. 230ನ್ನು 17ರಿಂದ ಭಾಗಿಸಿ: ಹದಿಮೂರೂವರೆ. ಅಂದರೆ ಈ ರಸವನ್ನು ಪೂರ್ತಿ ಹುದುಗಲು ಬಿಟ್ಟರೆ ಶೇಕಡಾ 13.5ರ ಸಪ್ಪೆ ಕೆಂಪು ವೈನ್ ಸಿಗುತ್ತದೆ, ಸಿಹಿ ಉಳಿಯುವುದಿಲ್ಲ.

ಪೋರ್ಟ್ ಮಾಡುವವರು ಅಲ್ಲಿಯವರೆಗೆ ಕಾಯುವುದಿಲ್ಲ. ಆಲ್ಕೋಹಾಲ್ 5 ಅಥವಾ 6ಕ್ಕೆ ಮುಟ್ಟಿದಾಗ, ಅರ್ಧಕ್ಕಿಂತ ಹೆಚ್ಚು ಸಕ್ಕರೆ ಇನ್ನೂ ಉಳಿದಿರುವಾಗಲೇ ನಿಲ್ಲಿಸುತ್ತಾರೆ. ಆ ಗಳಿಗೆ ನಡುರಾತ್ರಿಯಲ್ಲಿ ಬಂದರೂ ಎದ್ದು ಬರಬೇಕು. ಕೆಲವು ಗಂಟೆ ತಡವಾದರೆ ಸಿಹಿ ಕಡಿಮೆಯಾಗುತ್ತದೆ. ಬೇಗ ನಿಲ್ಲಿಸಿದರೆ ಬಣ್ಣ, ಒಗರು ಸಾಲದೆ ಶರಬತ್ತಿನ ಹಾಗಾಗುತ್ತದೆ. ನನ್ನ ಕೇಳಿದರೆ ಪೋರ್ಟ್ ಮಾಡುವವರ ಜಾಣತನವೆಲ್ಲ ಇರುವುದು ಈ ಗಳಿಗೆ ಹಿಡಿಯುವುದರಲ್ಲಿ.

ಇಲ್ಲಿ ಎಡವುವುದು: ರಸದ ಸಾಂದ್ರತೆ ಅಳೆಯಲು ಹೈಡ್ರೋಮೀಟರ್ ಎಂಬ ತೇಲುವ ಗಾಜಿನ ಕೊಳವೆ ಬಳಸುತ್ತಾರೆ. ಸಕ್ಕರೆ ಜಾಸ್ತಿ ಇದ್ದರೆ ಅದು ಮೇಲೆ ತೇಲುತ್ತದೆ. ಆದರೆ ಆಲ್ಕೋಹಾಲ್ ನೀರಿಗಿಂತ ಹಗುರ. ಅದು ಹುಟ್ಟಿಕೊಂಡಂತೆ ಕೊಳವೆ ಇನ್ನಷ್ಟು ಮುಳುಗಿ, ನಿಜವಾಗಿ ಇರುವುದಕ್ಕಿಂತ ಕಡಿಮೆ ಸಕ್ಕರೆ ತೋರಿಸುತ್ತದೆ. ಮನೆಯಲ್ಲಿ ವೈನ್ ಮಾಡುವವರೂ ಇದನ್ನು ಮರೆಯುತ್ತಾರೆ.

ಹಂತ 4: ಸ್ಪಿರಿಟ್ ಸೇರಿಸುವುದು

ಸಿಪ್ಪೆ ಬಿಟ್ಟು ರಸವನ್ನು ಬೇರೆ ತೊಟ್ಟಿಗೆ ಇಳಿಸಿ, ಅದಕ್ಕೆ ಅಗ್ವಾರ್ದೆಂತ್ ಸುರಿಯುತ್ತಾರೆ. ಹೀಗೆಂದರೆ ದ್ರಾಕ್ಷಿಯಿಂದಲೇ ಭಟ್ಟಿ ಇಳಿಸಿದ, ಬಣ್ಣವಿಲ್ಲದ ಸ್ಪಿರಿಟ್. ಅದರ ಆಲ್ಕೋಹಾಲ್ ಸುಮಾರು ಶೇಕಡಾ 77. 435 ಲೀಟರ್ ವೈನ್‌ಗೆ 115 ಲೀಟರ್ ಸ್ಪಿರಿಟ್ ಎಂಬುದು ಹಳೆಯ ರೂಢಿಯ ಅಳತೆ. ಎರಡೂ ಸೇರಿ 550 ಲೀಟರ್. ಅದಕ್ಕೆ ಒಂದು ಪೈಪ್ ಎನ್ನುತ್ತಾರೆ. ಪೈಪ್ ಅಂದರೆ ನಲ್ಲಿಯ ಪೈಪ್ ಎಂದುಕೊಳ್ಳಬೇಡಿ, ಅದು ದೊಡ್ಡ ಪೀಪಾಯಿ.

ಆಲ್ಕೋಹಾಲ್ 6ರಿಂದ ಒಮ್ಮೆಗೇ 20ಕ್ಕೆ ಹಾರಿದಾಗ ಯೀಸ್ಟ್ ಬದುಕುವುದಿಲ್ಲ. ವೈನ್ ಮಾಡುವ ಯೀಸ್ಟ್‌ಗಳಲ್ಲಿ ಹೆಚ್ಚಿನವು 15-16 ದಾಟುವಾಗಲೇ ಸುಸ್ತಾಗುತ್ತವೆ. ತಿನ್ನುವವರೇ ಇಲ್ಲದ ಮೇಲೆ ಉಳಿದ ಸಕ್ಕರೆ ಅಲ್ಲೇ ಉಳಿಯಿತು. ಪೋರ್ಟ್‌ನ ಸಿಹಿ ಅದೇ, ಹಣ್ಣಿನದ್ದೇ ಸಿಹಿ. ಅಮಲಿನ ಬಹುಪಾಲು ಮಾತ್ರ ಹೊರಗಿನಿಂದ ಬಂದ ಸ್ಪಿರಿಟ್‌ನದ್ದು. ಆರಂಭದಲ್ಲಿ ಕೇಳಿದ ಎರಡೂ ಪ್ರಶ್ನೆಗೆ ಉತ್ತರ ಈ ಒಂದು ಸುರಿಯುವಿಕೆಯಲ್ಲಿದೆ.

ಮೊದಮೊದಲು ಸ್ಪಿರಿಟ್ ಹಾಕುತ್ತಿದ್ದುದು ಹಡಗಿನ ಪ್ರಯಾಣದಲ್ಲಿ ವೈನ್ ಕೆಡದಿರಲಿ ಎಂದು. ಫ್ರಾನ್ಸ್ ಜೊತೆ ಜಗಳವಿದ್ದ ಕಾಲದಲ್ಲಿ ಇಂಗ್ಲೆಂಡಿನವರು ಪೋರ್ಚುಗಲ್ ಕಡೆ ತಿರುಗಿದರು. 1703ರ ಮೆಥುಯೆನ್ ಒಪ್ಪಂದದಿಂದ ಪೋರ್ಚುಗಲ್ ವೈನ್‌ಗೆ ಸುಂಕವೂ ಇಳಿಯಿತು. ಹುದುಗನ್ನು ನಡುವೆಯೇ ನಿಲ್ಲಿಸಿ ಸಿಹಿ ಉಳಿಸುವ ಪದ್ಧತಿ ಎಲ್ಲ ಕಡೆ ನೆಲೆಯಾದದ್ದು ಆಮೇಲೆ, ನಿಧಾನವಾಗಿ.

ಇಲ್ಲಿ ಎಡವುವುದು: ಫೋರ್ಟಿಫೈಡ್ ವೈನ್ ಎಲ್ಲವೂ ಸಿಹಿ ಎಂದುಕೊಳ್ಳಬೇಡಿ. ಸ್ಪೇನ್‌ನ ಹೆರೆಸ್ ಊರಿನ ಶೆರಿಗೆ ಸ್ಪಿರಿಟ್ ಹಾಕುವುದು ಹುದುಗು ಪೂರ್ತಿ ಮುಗಿದ ಮೇಲೆ. ಅದಕ್ಕೇ ಫೀನೊ ಶೆರಿ ಒಂದಿಷ್ಟೂ ಸಿಹಿ ಇರುವುದಿಲ್ಲ. ಇನ್ನೊಂದು ಕಡೆ ಸ್ಪಿರಿಟ್ ಹಾಕದ ಇಟಲಿಯ ಮೊಸ್ಕಾತೊ ದಾಸ್ತಿ ವೈನ್ ನೋಡಿ. ಒಳ್ಳೆ ಸಿಹಿ, ಆಲ್ಕೋಹಾಲ್ ಮಾತ್ರ 5-6ರ ಆಸುಪಾಸು. ನಾಲಿಗೆಗೆ ಸಿಹಿ ಗೊತ್ತಾಗುತ್ತದೆ, ಆಲ್ಕೋಹಾಲ್ ಎಷ್ಟೆಂದು ಗೊತ್ತಾಗುವುದಿಲ್ಲ. ಲೇಬಲ್ಲೇ ನೋಡಬೇಕು.

ಹಂತ 5: ಲೆಕ್ಕ ನೀವೇ ಹಾಕಿ

ಇದು ಶಾಲೆಯ ಲೆಕ್ಕ, ಹೆದರಬೇಡಿ. ಪೆನ್ನು ಹಿಡಿದು ಜೊತೆಗೆ ಹಾಕಿ.

ವೈನ್ 435 ಲೀಟರ್, ಅದರಲ್ಲಿ ಶೇಕಡಾ 6 ಆಲ್ಕೋಹಾಲ್: 26.1 ಲೀಟರ್.
ಸ್ಪಿರಿಟ್ 115 ಲೀಟರ್, ಅದರಲ್ಲಿ ಶೇಕಡಾ 77: 88.55 ಲೀಟರ್.
ಎರಡೂ ಸೇರಿ 114.65 ಲೀಟರ್ ಶುದ್ಧ ಆಲ್ಕೋಹಾಲ್. ಇದನ್ನು 550ರಿಂದ ಭಾಗಿಸಿದರೆ ಶೇಕಡಾ 20.8.

ಗಮನಿಸಿ, ಪೀಪಾಯಿಯಲ್ಲಿ ಸ್ಪಿರಿಟ್‌ನ ಪಾಲು ಐದರಲ್ಲಿ ಒಂದು. ಆದರೆ ಆಲ್ಕೋಹಾಲ್‌ನಲ್ಲಿ ಅದರ ಪಾಲು ಮುಕ್ಕಾಲಿಗಿಂತ ಹೆಚ್ಚು.

ಈಗ ಸಕ್ಕರೆ. ಶೇಕಡಾ 6 ಆಲ್ಕೋಹಾಲ್ ಹುಟ್ಟಲು ಲೀಟರ್‌ಗೆ 102 ಗ್ರಾಂ ಖರ್ಚಾಯಿತು, ಅಂದರೆ 17 ಗುಣಿಸು 6. 230ರಲ್ಲಿ ಉಳಿದದ್ದು 128. ಸ್ಪಿರಿಟ್ ಬೆರೆತು ಅದು ತೆಳುವಾಯಿತು. 128ನ್ನು 435ರಿಂದ ಗುಣಿಸಿ 550ರಿಂದ ಭಾಗಿಸಿ: ಲೀಟರ್‌ಗೆ 101 ಗ್ರಾಂ. ಅಂಗಡಿಯ ಪೋರ್ಟ್‌ಗಳಲ್ಲೂ ಸಾಮಾನ್ಯವಾಗಿ ನೂರರ ಆಸುಪಾಸಿನಲ್ಲೇ ಸಕ್ಕರೆ ಇರುತ್ತದೆ.

ಎಷ್ಟು ಸ್ಪಿರಿಟ್ ಬೇಕು ಎಂದು ತಿರುಗಿಸಿ ಲೆಕ್ಕ ಹಾಕಲೂ ಸುಲಭ ದಾರಿಯಿದೆ. ನಿಮಗೆ ಬೇಕಾದ್ದು 20, ವೈನ್‌ನಲ್ಲಿ ಇರುವುದು 6: ವ್ಯತ್ಯಾಸ 14. ಸ್ಪಿರಿಟ್ 77, ಬೇಕಾದ್ದು 20: ವ್ಯತ್ಯಾಸ 57. ಅಂದರೆ 57 ಪಾಲು ವೈನ್‌ಗೆ 14 ಪಾಲು ಸ್ಪಿರಿಟ್. ಇದಕ್ಕೆ ಪಿಯರ್ಸನ್ ಚೌಕ ಎಂದು ಹೆಸರು. ಹಾಲಿನ ಡೈರಿಯಲ್ಲಿ ಕೊಬ್ಬಿನಂಶ ಹೊಂದಿಸುವಾಗಲೂ ಇದೇ ಲೆಕ್ಕ ಬರುತ್ತದೆ.

ಮನೆಯಲ್ಲಿ ಮಾಡಬಹುದಾ?

ಈ ಲೆಕ್ಕ ನೋಡಿದ ಮೇಲೆ ಮುಂದಿನ ಪ್ರಶ್ನೆ ಇದೇ ಎಂದು ಗೊತ್ತು. ನನ್ನ ಮಾತು: ಬೇಡ.

ಕೊಡಗಿನ ಮನೆಗಳಲ್ಲಿ, ಮಂಗಳೂರು ಕಡೆ ಕ್ರಿಸ್‌ಮಸ್‌ಗೆ ಮಾಡುವ ವೈನ್ ಬೇರೆಯೇ ಬಗೆ. ಹಣ್ಣಿನ ಜೊತೆ ಸಕ್ಕರೆ, ಯೀಸ್ಟ್ ಹಾಕಿ ಭರಣಿಯಲ್ಲಿ ಇಡುತ್ತಾರೆ. ಅಲ್ಲಿನ ಸಿಹಿ ಹೆಚ್ಚಾಗಿ ಹಾಕಿದ ಸಕ್ಕರೆಯದ್ದು, ಸ್ಪಿರಿಟ್ ಇರುವುದಿಲ್ಲ. ಅದನ್ನು ಪೋರ್ಟ್ ಮಾಡುತ್ತೇನೆ ಎಂದು ಕೆಲವರು ಬ್ರಾಂಡಿ ಸುರಿಯುತ್ತಾರೆ. ಲೆಕ್ಕ ಹಾಕಿ ನೋಡಿ. ಬ್ರಾಂಡಿ 42.8, ಬೇಕಾದ್ದು 20, ವೈನ್ 6. ಪ್ರತಿ 22.8 ಪಾಲು ವೈನ್‌ಗೆ 14 ಪಾಲು ಬ್ರಾಂಡಿ ಬೇಕಾಗುತ್ತದೆ. ಒಂದು ಲೀಟರ್ ವೈನ್‌ಗೆ 600 ಮಿಲಿಗೂ ಜಾಸ್ತಿ. ದ್ರಾಕ್ಷಿಯ ರುಚಿ ಎಲ್ಲಿ ಉಳಿಯಬೇಕು? ಮೇಲಾಗಿ ನಮ್ಮ ಅಗ್ಗದ ಬ್ರಾಂಡಿಗಳಲ್ಲಿ ಬಹಳಷ್ಟು ಕಾಕಂಬಿಯ ಸ್ಪಿರಿಟ್‌ನಿಂದ ಆದವು. ಕಾಕಂಬಿ ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ.

ಇನ್ನು ಲೇಬಲ್ ಇಲ್ಲದ ಸ್ಪಿರಿಟ್, ಸ್ಯಾನಿಟೈಸರ್, ಕಾರ್ಖಾನೆ ಬಳಕೆಯ ಸ್ಪಿರಿಟ್ ಯಾವುದನ್ನೂ ಮುಟ್ಟಬೇಡಿ. ಅದರಲ್ಲಿ ಮೆಥನಾಲ್ ಇರಬಹುದು. ಮೆಥನಾಲ್ ಸ್ವಲ್ಪವೇ ಒಳಗೆ ಹೋದರೂ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ವಾಸನೆಯಿಂದಾಗಲಿ ರುಚಿಯಿಂದಾಗಲಿ ಅದನ್ನು ಪತ್ತೆ ಮಾಡಲು ಆಗುವುದಿಲ್ಲ. ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧವೂ ಹೌದು.

ಹಂತ 6: ಹಳತಾಗುವುದು

ಚಳಿಗಾಲವೆಲ್ಲ ಹೊಸ ವೈನ್ ಡೌರೊದಲ್ಲೇ ತಂಗುತ್ತದೆ. ವಸಂತ ಬಂದಾಗ ಕೆಳಗೆ, ಪೋರ್ಟೊದ ಎದುರು ದಡದ ವಿಲಾ ನೋವಾ ದೆ ಗಾಯಾಕ್ಕೆ ಹೋಗುತ್ತಿತ್ತು. ಸಮುದ್ರ ಹತ್ತಿರವಿರುವುದರಿಂದ ಅಲ್ಲಿ ತಂಪು ಜಾಸ್ತಿ, ವೈನ್ ನಿಧಾನವಾಗಿ ಮಾಗುತ್ತದೆ. ಹಿಂದೆ ರಬೇಲೊ ಎಂಬ ಚಪ್ಪಟೆ ತಳದ ದೋಣಿಗಳಲ್ಲಿ ಪೀಪಾಯಿ ಸಾಗಿಸುತ್ತಿದ್ದರು. ಈಗ ಲಾರಿಗಳು ಬಂದಿವೆ.

ಎಲ್ಲಿ, ಎಷ್ಟು ವರ್ಷ ಇಟ್ಟರು ಎನ್ನುವುದರ ಮೇಲೆ ಹೆಸರು ಬದಲಾಗುತ್ತದೆ. ಕೊಳ್ಳುವವರಿಗೆ ಗೊತ್ತಿರಬೇಕಾದವು ಇಷ್ಟು:

ರೂಬಿ: ದೊಡ್ಡ ತೊಟ್ಟಿಗಳಲ್ಲಿ ಎರಡು ಮೂರು ವರ್ಷ. ಬಣ್ಣ ಕಡುಕೆಂಪು, ಹಣ್ಣಿನ ರುಚಿ. ಬೆಲೆ ಕಡಿಮೆ. ಮೊದಲ ಸಲ ಕುಡಿಯುವವರಿಗೆ ಇದು ಸಾಕು.

ಟಾನಿ: ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ. ಮರದ ಮೂಲಕ ಗಾಳಿಯಾಡಿ ಕೆಂಪು ಬಣ್ಣ ಕಂದಾಗುತ್ತದೆ, ಬಾದಾಮಿ, ಒಣಹಣ್ಣು, ಬೆಲ್ಲದ ಪಾಕದ ರುಚಿ ಬರುತ್ತದೆ. ಕೆಲವು ಬಾಟಲಿಗಳ ಮೇಲೆ 10, 20, 30, 40 ವರ್ಷ ಎಂದೆಲ್ಲ ಬರೆದಿರುತ್ತದೆ. ಒಳಗಿರುವುದು ಹಲವು ವರ್ಷಗಳ ವೈನ್‌ಗಳ ಮಿಶ್ರಣ, ಆ ಅಂಕಿ ಅದರ ಹದ ಹೇಳುತ್ತದೆ. ನಮ್ಮ ನಾಲಿಗೆಗೆ ತುಂಬಾ ಹತ್ತಿರವಾಗುವುದು ಹತ್ತು ವರ್ಷದ ಟಾನಿ ಎಂದು ನನ್ನ ಅನಿಸಿಕೆ. ಗೋಡಂಬಿ ಬರ್ಫಿ ಜೊತೆ ಒಮ್ಮೆ ನೋಡಿ.

ವಿಂಟೇಜ್: ಒಂದೇ ಒಳ್ಳೆಯ ವರ್ಷದ ದ್ರಾಕ್ಷಿ. ಪೀಪಾಯಿಯಲ್ಲಿ ಎರಡು ವರ್ಷದ ಆಸುಪಾಸು ಇದ್ದು, ಮೂರು ತುಂಬುವ ಮೊದಲೇ ಬಾಟಲಿ ಸೇರಿ, ಆಮೇಲೆ ದಶಕಗಳ ಕಾಲ ಬಾಟಲಿಯೊಳಗೇ ಮಾಗುತ್ತದೆ. ತಳದಲ್ಲಿ ಗಷ್ಟು ಕೂರುತ್ತದೆ. ಕುಡಿಯುವ ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿ, ಮರುದಿನ ನಿಧಾನವಾಗಿ ಬೇರೆ ಪಾತ್ರೆಗೆ ಬಗ್ಗಿಸಿ.

ಹಂತ 7: ನಮ್ಮ ಅಂಗಡಿಯ ಬಾಟಲಿ ಓದುವುದು

ನಮ್ಮ ಅಂಗಡಿಗಳಲ್ಲಿ ಪೋರ್ಟ್ ಎಂದು ಕೇಳಿದರೆ ಕೊಡುವ ಸಿಹಿ ಕೆಂಪು ವೈನ್ ಹೆಚ್ಚಾಗಿ ಇಲ್ಲಿನ ದ್ರಾಕ್ಷಿಯದ್ದು. ಬೆಂಗಳೂರು ಬ್ಲೂ ತಳಿ ಅದಕ್ಕೆ ತುಂಬಾ ಬಳಕೆಯಾಗುತ್ತದೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈ ದ್ರಾಕ್ಷಿಗೆ 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಅದರ ಕಂಪೇ ಬೇರೆ, ಡೌರೊ ದ್ರಾಕ್ಷಿಗೆ ಆ ಘಮ ಇಲ್ಲ. ಅದರಿಂದಾದ ವೈನ್ ಕೀಳೂ ಅಲ್ಲ, ಡೌರೊದ ಪೋರ್ಟೂ ಅಲ್ಲ. ಯುರೋಪಿನಲ್ಲಿ ಡೌರೊ ಸೀಮೆಯದ್ದಕ್ಕೆ ಮಾತ್ರ ಆ ಹೆಸರಿನ ಹಕ್ಕು ಇದೆ.

ಹಾಗಾಗಿ ಮೇಲಿನ ಲೆಕ್ಕವನ್ನು ಕಣ್ಣುಮುಚ್ಚಿ ಎಲ್ಲ ಬಾಟಲಿಗೂ ಹಚ್ಚಬೇಡಿ. ಸ್ಥಳೀಯ ಬಾಟಲಿಯಲ್ಲಿ ಸಕ್ಕರೆ ಸೇರಿಸಿರಬಹುದು, ಆಲ್ಕೋಹಾಲ್ ಡೌರೊದ್ದಕ್ಕಿಂತ ಕಡಿಮೆ ಇರಬಹುದು. ಹಿಂದಿನ ಲೇಬಲ್ ತಿರುಗಿಸಿ ಈ ಮೂರನ್ನು ನೋಡಿ: ಶೇಕಡಾ ವಿ/ವಿ ಎಷ್ಟು, ಸಕ್ಕರೆ ಸೇರಿಸಿದ್ದಾರಾ, ತಯಾರಾದ ಊರು ಯಾವುದು. ಡೌರೊದ್ದಾದರೆ ಬಾಟಲಿಯ ಕತ್ತಿನ ಬಳಿ ಅಲ್ಲಿನ ವೈನ್ ಸಂಸ್ಥೆಯ ಗ್ಯಾರಂಟಿ ಚೀಟಿ ಅಂಟಿಸಿರುತ್ತದೆ.

ಇಲ್ಲಿ ಎಡವುವುದು: 'ಪ್ರೂಫ್' ಎಂಬ ಅಂಕಿಯನ್ನು ಶೇಕಡಾ ಎಂದು ಓದಬೇಡಿ. ನಮ್ಮ ವಿಸ್ಕಿಯ 75 ಪ್ರೂಫ್ ಅಂದರೆ ಶೇಕಡಾ 42.8.

ಹಂತ 8: ಗ್ಲಾಸಿಗೆ ಎಷ್ಟು

ಜನ ನಿಜವಾಗಿ ಮೋಸಹೋಗುವುದು ಇಲ್ಲಿ. ಶುದ್ಧ ಆಲ್ಕೋಹಾಲ್ ಹೋಲಿಸಿ ನೋಡಿ:

30 ಮಿಲಿ ವಿಸ್ಕಿ, ಶೇಕಡಾ 42.8: ಸುಮಾರು 13 ಮಿಲಿ.
60 ಮಿಲಿ ಪೋರ್ಟ್, ಶೇಕಡಾ 20: 12 ಮಿಲಿ.
330 ಮಿಲಿ ಬಿಯರ್, ಶೇಕಡಾ 5: 16.5 ಮಿಲಿ.
150 ಮಿಲಿ ಮಾಮೂಲಿ ವೈನ್, ಶೇಕಡಾ 13: 19.5 ಮಿಲಿ.
150 ಮಿಲಿ ಪೋರ್ಟ್, ಶೇಕಡಾ 20: 30 ಮಿಲಿ.

ಕೊನೆಯ ಸಾಲು ನೋಡಿ. ವೈನ್ ತಾನೇ ಎಂದು ದೊಡ್ಡ ಗ್ಲಾಸಿನ ತುಂಬ ಪೋರ್ಟ್ ಸುರಿದರೆ ಅದು ಒಂದು ಲಾರ್ಜ್ (60 ಮಿಲಿ) ವಿಸ್ಕಿಯನ್ನೂ ಮೀರುತ್ತದೆ. ಸಿಹಿ ಇರುವುದರಿಂದ ಗಂಟಲಿಗೆ ಉರಿ ಗೊತ್ತಾಗುವುದಿಲ್ಲ, ಬೇಗ ಬೇಗ ಒಳಗೆ ಹೋಗುತ್ತದೆ, ಅರ್ಧ ಗಂಟೆಯ ಮೇಲೆ ತಲೆಗೇರುತ್ತದೆ. ಚಿಕ್ಕ ಗ್ಲಾಸ್ ಇಟ್ಟುಕೊಳ್ಳಿ, 50ರಿಂದ 75 ಮಿಲಿ ಸಾಕು. ಊಟದ ಮೊದಲು ಬೇಡ, ಊಟವಾದ ಮೇಲೆ. ಒಂದು ಹನಿ ಕುಡಿದರೂ ಗಾಡಿ ಓಡಿಸಬೇಡಿ. ಸಕ್ಕರೆ ಕಾಯಿಲೆ ಇದ್ದವರು ಇನ್ನೊಂದು ಲೆಕ್ಕ ನೆನಪಿಡಿ: 75 ಮಿಲಿಯಲ್ಲಿ ಏಳೂವರೆ ಗ್ರಾಂ ಸಕ್ಕರೆ, ಹತ್ತಿರ ಹತ್ತಿರ ಎರಡು ಚಿಕ್ಕ ಚಮಚ.

ನಮ್ಮ ಸೆಕೆಗೆ ರೂಮಿನ ಶಾಖದಲ್ಲಿ ಕುಡಿದರೆ ಸ್ಪಿರಿಟ್‌ನ ವಾಸನೆಯೇ ಮುಂದೆ ಬರುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಮುಚ್ಚಳ ತೆಗೆದ ಮೇಲೆ ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲೇ ಇಡಿ. ರೂಬಿ ಒಂದೆರಡು ವಾರ ತಡೆಯುತ್ತದೆ, ಟಾನಿ ತಿಂಗಳವರೆಗೂ ಚೆನ್ನಾಗಿರುತ್ತದೆ. ವಿಂಟೇಜ್ ಬಾಟಲಿ ತೆಗೆದರೆ ಮಾತ್ರ ಒಂದೆರಡು ದಿನದೊಳಗೆ ಮುಗಿಸಬೇಕು. ಅದಕ್ಕೇ ಅದನ್ನು ನಾಲ್ಕಾರು ಜನ ಸೇರುವ ದಿನಕ್ಕೇ ತೆಗೆಯಿರಿ.